ಖಾಲಿ ಫ್ಲ್ಯಾಶ್

ನಾನು ಫೋಟೊಗೆ ಬೀಳುವುದಿಲ್ಲವೇನೋ ಎಂಬ ಅನುಮಾನ ನನಗೆ ಬಹಳ ದಿನದಿಂದ ಇದೆ. ಯಾರಿಗೂ ಹೇಳಿಲ್ಲ. ಹೇಳುವಂಥ ವಿಷಯವೂ ಅಲ್ಲ. ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದವಳು ತನ್ನ ಮೈ ಮೇಲೆ ಬಿದ್ದ ಬೆಳಕು ತಿರುಗಿ ಬರುವುದಿಲ್ಲ ಎಂದರೆ ಜನ ಏನೆಂದುಕೊಂಡಾರು? ದಿನಚರಿಯಲ್ಲಿ ಒಮ್ಮೆ ಬರೆದಿದ್ದೆ. ಆಮೇಲೆ ಅದನ್ನೂ ಹೊಡೆದುಹಾಕಿ ಕೆಳಗೆ ‘ಇಂದು ಸೆಖೆ’ ಎಂದು ಬರೆದೆ.

ಅನುಮಾನಕ್ಕೆ ಆಧಾರವಿದೆ. ಅಮ್ಮ ದಾವಣಗೆರೆಯಲ್ಲಿ ಮದುವಣಗಿತ್ತಿಯರ ರವಿಕೆ ಹೊಲಿಯುತ್ತಾಳೆ. ಹೊಲಿಸಿಕೊಂಡವರೆಲ್ಲ ಮದುವೆಗೆ ಕರೆಯುತ್ತಾರೆ, ಅಮ್ಮ ನನ್ನನ್ನೂ ಎಳೆದುಕೊಂಡು ಹೋಗುತ್ತಾಳೆ. ವೇದಿಕೆ ಹತ್ತುತ್ತೇವೆ, ಹೆಣ್ಣು ಗಂಡಿನ ಪಕ್ಕ ನಿಲ್ಲುತ್ತೇವೆ, ಫ್ಲ್ಯಾಶ್ ಮಿಂಚುತ್ತದೆ, ಇಳಿದು ಊಟಕ್ಕೆ ಹೋಗುತ್ತೇವೆ. ಮುಂದೆ ಆ ಮನೆಯವರು ಸೀಮಂತದ ರವಿಕೆ ಹೊಲಿಸಲು ಬರುವಾಗ ಆಲ್ಬಮನ್ನೂ ತರುತ್ತಾರೆ. ಅಮ್ಮ ಕನ್ನಡಕ ಏರಿಸಿ ಹಾಳೆ ಹಾಳೆಯನ್ನೂ ಹುಡುಕುತ್ತಾಳೆ. ನಮ್ಮ ಮುಂದೆ ನಿಂತಿದ್ದವರು ಇರುತ್ತಾರೆ, ಹಿಂದೆ ಬಂದವರು ಇರುತ್ತಾರೆ. ನಾವಿರುವುದಿಲ್ಲ.

“ನೀನು ಕಣ್ಣು ಮುಚ್ಚಿರ್ತೀಯ ಕಣೇ ನೀಲು. ಅದಕ್ಕೇ ತೆಗೆದುಹಾಕಿರ್ತಾರೆ,” ಎನ್ನುತ್ತಾಳೆ ಅಮ್ಮ.

ಹಾಗಾದರೆ ಅಮ್ಮನೂ ಕಾಣದೆ ಹೋದದ್ದು ನನ್ನಿಂದಲೇ. ಅಂದಿನಿಂದ ನಾನು ವೇದಿಕೆಯ ಮೇಲೆ ಕಣ್ಣನ್ನು ಎಷ್ಟು ಅಗಲ ಬಿಟ್ಟು ನಿಲ್ಲುತ್ತಿದ್ದೆನೆಂದರೆ, ಒಬ್ಬ ಮದುಮಗ ನೀರು ಬೇಕೇ ಎಂದು ಕೇಳಿದ್ದ. ಆ ಆಲ್ಬಮಿನಲ್ಲೂ ನಾವಿರಲಿಲ್ಲ.

ಹೀಗಿರುವಾಗ ನನಗೆ ಸಿಕ್ಕ ಕೆಲಸ ಫೋಟೊಗಳದ್ದೇ. ಚಿತ್ರಕಲ್ಪ ಸ್ಟುಡಿಯೊದ ಬಕ್ಕೇಶಣ್ಣ ‘ಶೇಷ’ ಎಂಬ ಹೊಸ ಯಂತ್ರ ತರಿಸಿ, ಅದನ್ನು ನಡೆಸಲು ಫಿಸಿಕ್ಸ್ ಓದಿದವರು ಬೇಕೆಂದು ಬೋರ್ಡು ಹಾಕಿದ್ದರು. ಹಿಂದೆ ರೀಲು ತೊಳೆಯುತ್ತಿದ್ದ ಕತ್ತಲ ಕೋಣೆಯಲ್ಲಿ ಯಂತ್ರ. ಗೋಡೆಯಲ್ಲಿ ಊಟದ ತಟ್ಟೆ ಹಿಡಿಸುವಷ್ಟು ಕಿಂಡಿ. ಗಿರಾಕಿಯ ಜೊತೆ ಮಾತು ಬಕ್ಕೇಶಣ್ಣನದು, ಕಿಂಡಿಯಿಂದ ಒಳಗೆ ಬಂದ ವಸ್ತು ಮಾತ್ರ ನನ್ನದು. ಮಾತೇ ಆಡಬೇಕಿಲ್ಲದ ಇಂಥ ಕೆಲಸ ಇನ್ನೊಂದು ಸಿಗುವುದಿಲ್ಲ ಎಂದು ಅಂದೇ ಒಪ್ಪಿಕೊಂಡೆ.

ಬರುತ್ತಿದ್ದ ಕಾಯಿಲೆಗಳು ತರಹೇವಾರಿ. ‘ಕ್ಯಾಮೆರಾಕ್ಕೆ ಮಂಜು ಕವಿದೈತೆ’ ಎಂದು ಬಂದದ್ದನ್ನು ನೋಡಿದರೆ ಲೆನ್ಸಿನ ಮೇಲೆ ಮೂರು ಬೆರಳಿನ ವಿಭೂತಿ. ಫೋಟೊ ಎಲ್ಲ ಅಳಿಸಿಹೋದವೆಂದು ಅಳುತ್ತ ಬಂದ ಮೇಷ್ಟ್ರ ಫೋನಿನಲ್ಲಿ ಮೊಮ್ಮಗಳು ಪರದೆಯ ಬೆಳಕನ್ನು ಪೂರ್ತಿ ತಗ್ಗಿಸಿಟ್ಟಿದ್ದಳು. ಕಂಪ್ಯೂಟರ್ ತೆವಳುತ್ತದೆ ಎಂದರೆ ಒಳಗೆ ಗಂಟಲವರೆಗೂ ಹೂವು, ಹಣತೆ, ಶುಭೋದಯ. ನಾನು ಪರಿಹಾರವನ್ನು ಚೀಟಿಯಲ್ಲಿ ಬರೆದು ಕಿಂಡಿಯಲ್ಲಿಡುತ್ತಿದ್ದೆ. ‘ಒರೆಸಿ.’ ‘ಬೆಳಕು ಹೆಚ್ಚಿಸಿ.’ ‘ಶುಭೋದಯ ಅಳಿಸಿ.’ ಬಕ್ಕೇಶಣ್ಣ ಅದನ್ನು ಡಾಕ್ಟರರ ಹಾಗೆ ಓದಿ, “ಒಳಗೆ ಮಿಷನ್ನಿಗೆ ಹಾಕೈತಿ, ಸಂಜೆ ಬರ್ರಿ,” ಎನ್ನುತ್ತಿದ್ದರು.

ಶೇಷ ನಿಜವಾಗಿ ಬೇಕಾಗುತ್ತಿದ್ದದ್ದು ಒರೆಸಿದರೆ ವಾಸಿಯಾಗದ ಕಾಯಿಲೆಗೆ. ನೋಡಲು ಟಿಫಿನ್ ಕ್ಯಾರಿಯರಿನ ಹಾಗಿದೆ. ಕ್ಯಾಮೆರಾದ ಸೆನ್ಸರ್ ತನ್ನ ಮೇಲೆ ಬಿದ್ದ ಬೆಳಕನ್ನು ವಿದ್ಯುತ್ ಕಣಗಳಾಗಿ ಹಿಡಿದಿಡುತ್ತದೆ. ಕ್ಲಿಕ್ ಮಾಡಿದಾಗ ಆ ಕಣಗಳನ್ನು ಗುಡಿಸಿ, ಅಳೆದು, ಫೋಟೊ ಮಾಡಿ ಕಾರ್ಡಿಗೆ ಕಳಿಸುತ್ತದೆ. ಸಂದಿಗೊಂದಿಯಲ್ಲಿ ಒಂದಿಷ್ಟು ಕಣ ಸಿಕ್ಕಿಕೊಂಡೇ ಇರುತ್ತವೆ ಎಂಬುದು ಯಂತ್ರ ಕಂಡುಹಿಡಿದವರ ನಂಬಿಕೆ. ಶೇಷ ಆ ಸೆನ್ಸರನ್ನು ಮಂಜಿಗಿಂತ ತಣ್ಣಗೆ ಮಾಡಿ, ಆಮೇಲೆ ಹದವಾಗಿ ಕಾಯಿಸುತ್ತದೆ. ಕಾದಂತೆಲ್ಲ ಹಳೆಯ ಬೆಳಕು ಪದರ ಪದರವಾಗಿ ಎದ್ದುಬರುತ್ತದೆ, ಕೊನೆಯ ಚಿತ್ರ ಮೊದಲು. ಪಕ್ಕದ ಹೋಟೆಲಿನಲ್ಲಿ ಹಿಟ್ಟು ರುಬ್ಬುತ್ತಿದ್ದರೆ ಚಿತ್ರ ನಡುಗುತ್ತದೆ. ಹಾಗಾಗಿ ನಮ್ಮ ವಿಜ್ಞಾನವೆಲ್ಲ ದೋಸೆ ಹಿಟ್ಟು ಮುಗಿದ ಮೇಲೆಯೇ.

‘ಕಾರ್ಡ್ ಹೋದರೂ ಕ್ಯಾಮೆರಾ ಮರೆಯದು’ ಎಂದು ಬಕ್ಕೇಶಣ್ಣ ಬೋರ್ಡಿನಲ್ಲಿ ಬರೆಸಿದರು. ಊರು ಅದನ್ನು ತನ್ನ ರೀತಿಯಲ್ಲಿ ಅರ್ಥ ಮಾಡಿಕೊಂಡಿತು. ಜನ ಫೋನುಗಳನ್ನು ಮಗುಚಿ ಇಡತೊಡಗಿದರು. ಅಮ್ಮ ನನ್ನ ಲ್ಯಾಪ್‌ಟಾಪಿನ ಕಣ್ಣಿಗೆ ಮಿಕ್ಕ ರೇಷ್ಮೆ ತುಂಡಿನಲ್ಲಿ ಹುಕ್ಕು ಸಮೇತ ಮುಚ್ಚಳ ಹೊಲಿದಳು. ಅದು ತೆರೆದಿದ್ದಾಗ ಪಿಸುಮಾತಿನಲ್ಲೇ ಮಾತಾಡುವಳು.

“ಅದಕ್ಕೆ ಕೇಳಿಸಲ್ಲಮ್ಮ. ನೋಡುತ್ತೆ, ಅಷ್ಟೆ.”

“ತುಟಿ ನೋಡಿದ್ರೆ ಸಾಲ್ದೇನೆ?”

ಎಂ.ಎಸ್ಸಿ.ಯಲ್ಲಿ ಇದಕ್ಕೆ ಉತ್ತರ ಕಲಿಸಿರಲಿಲ್ಲ. ಆ ಹಂಗಾಮಿನಲ್ಲಿ ಮದುವಣಗಿತ್ತಿಯರೆಲ್ಲ ರವಿಕೆಯ ಜೊತೆ ಅದೇ ಬಣ್ಣದ ಫೋನ್ ಮುಚ್ಚಳವನ್ನೂ ಹೊಲಿಸಿಕೊಂಡರು.

ಅನಾಹುತ ಆದದ್ದು ಆಯುಧಪೂಜೆಯ ದಿನ. ಬಕ್ಕೇಶಣ್ಣ ಭಕ್ತರು. ಕ್ಯಾಮೆರಾಗಳನ್ನು, ಟ್ರೈಪಾಡುಗಳನ್ನು, ಮದುವೆ ಫೋಟೊಗಳಿರುವ ದೊಡ್ಡ ಹಾರ್ಡ್ ಡಿಸ್ಕನ್ನು ಮೇಜಿನ ಮೇಲೆ ಜೋಡಿಸಿ ಎಲ್ಲಕ್ಕೂ ಅರಿಶಿನ, ಕುಂಕುಮ, ಚೆಂಡುಹೂವು ಏರಿಸಿದ್ದರು. ಡಿಸ್ಕಿನ ಗಾಳಿಕಿಂಡಿಯನ್ನೇ ಹಣೆಯೆಂದು ತಿಳಿದು ಅಲ್ಲಿ ಬೊಟ್ಟು ಇಟ್ಟಿದ್ದರು. ಆಮೇಲೆ ತೆಂಗಿನಕಾಯಿ ಒಡೆದರು. ಕಾಯಿ ಒಳ್ಳೆಯ ಕಾಯಿ, ತುಂಬ ನೀರಿತ್ತು.

ಡಿಸ್ಕು ಒಮ್ಮೆ ಕೊಕ್ಕರಿಸಿ ಸುಮ್ಮನಾಯಿತು.

“ಏನೂ ಆಗಲ್ಲ,” ಎಂದರು ಬಕ್ಕೇಶಣ್ಣ. ಅವರ ಮುಖವೂ ಅರಿಶಿನವಾಗಿತ್ತು. “ಬ್ಯಾಕಪ್ ಐತೆ. ಎಲ್ಲಾದಕ್ಕೂ ಎರಡೆರಡು ಕಾಪಿ ಇಟ್ಟೀನಿ.”

ಎಲ್ಲಿ ಎಂದು ಕಣ್ಣಲ್ಲೇ ಕೇಳಿದೆ.

“ಅದ್ರಾಗೇ. ಇನ್ನೊಂದು ಫೋಲ್ಡರ್ ಮಾಡಿ ‘ಭದ್ರ’ ಅಂತ ಹೆಸರಿಟ್ಟೀನಿ.”

ಮನೆಯ ಬೀಗದ ಎರಡು ಕೀಲಿಯನ್ನೂ ಮನೆಯೊಳಗೇ ಇಟ್ಟು ಬಾಗಿಲೆಳೆದುಕೊಂಡ ಹಾಗೆ ಇದು. ಹೇಳಬೇಕೆನಿಸಿತು, ಚೀಟಿ ಹುಡುಕುವಷ್ಟರಲ್ಲಿ ಅವರೇ ಕುರ್ಚಿಗೆ ಕುಸಿದಿದ್ದರು. ಬೇರೆ ಮದುವೆಗಳ ಆಲ್ಬಂ ಆಗಲೇ ಅಚ್ಚಾಗಿ ಹೋಗಿದ್ದವು. ಉಳಿದದ್ದು ಒಂದೇ, ಶ್ರಾವಣದಲ್ಲಿ ಆದ ಹಾಲಪ್ಪನವರ ಮಗಳ ಮದುವೆ. ಕಾರ್ಡುಗಳನ್ನು ಅಳಿಸಿ ಬೇರೆ ಮದುವೆಗೆ ಬಳಸಿಯೂ ಆಗಿತ್ತು.

ಹಾಲಪ್ಪನವರೆಂದರೆ ಊರಿನ ಅರ್ಧ ಮಂಡಕ್ಕಿ ಭಟ್ಟಿಗಳ ಯಜಮಾನರು. ಅವರ ಮನೆಯ ಹೆಂಗಸರು ಎಲ್ಲಿ ರವಿಕೆ ಹೊಲಿಸುತ್ತಾರೋ ಆ ಓಣಿಯೆಲ್ಲ ಅಲ್ಲೇ ಹೊಲಿಸುತ್ತದೆ. ಅಂದರೆ ಅಮ್ಮನ ಹೊಲಿಗೆಯೂ ಅವರ ಕೃಪೆ. ಮರುದಿನವೇ ಅವರು ಸ್ಟುಡಿಯೊಗೆ ಬಂದರು.

“ದೀಪಾವಳಿಗೆ ಅಳಿಯ ಬರ್ತಾನೆ. ಮೊದಲ್ನೇ ಹಬ್ಬ. ಚಿತ್ರದುರ್ಗದ ಬೀಗರೂ ಬರ್ತಾರೆ. ಹಬ್ಬದ ದಿನ ಎಲ್ಲಾರ ಮುಂದೆ ಟಿ.ವಿ.ಯಾಗೆ ಫೋಟೊ ಹಾಕಬೇಕು. ಬೀಗರಿಗೆ ಹೇಳಿಯಾಗೈತೆ, ಬಕ್ಕೇಶಾ.”

“ರೆಡಿ ಅದಾವೆ ಅಣ್ಣಾರೆ,” ಎಂದರು ಬಕ್ಕೇಶಣ್ಣ.

ಕಿಂಡಿಯ ಈಚೆ ನಾನು ಆ ಮದುವೆಗೆ ಬಳಸಿದ ಕ್ಯಾಮೆರಾವನ್ನು ಶೇಷದ ಬಾಯಿಗೆ ಹೊಂದಿಸುತ್ತಿದ್ದೆ.

ಹೋಟೆಲಿನವರು ಹಿಟ್ಟು ಮುಗಿಸಿದ ಮೇಲೆ ಚಿತ್ರಗಳು ಬರತೊಡಗಿದವು. ಶ್ರಾವಣದಿಂದ ಈಚಿನ ಪದರಗಳು ಕಳೆದ ಮೇಲೆ ಹಾಲಪ್ಪನವರ ವೇದಿಕೆ ಕಾಣಿಸಿತು. ಮೊದಲು ಎದ್ದವರು ಅಡುಗೆ ಭಟ್ಟರು, ಭುಜದ ಮೇಲೆ ಟವೆಲ್ಲು ಸಮೇತ. ಆಮೇಲೆ ಓಲಗದವರು. ಹೂವಿನ ಅಲಂಕಾರದವರು. ಹಾಲು ಹಾಕುವ ದಂಪತಿ. ಭಟ್ಟಿಯಲ್ಲಿ ಮಂಡಕ್ಕಿ ಹುರಿಯುವ ಹೆಂಗಸರು, ತಂಡ ತಂಡವಾಗಿ. ಪ್ರತಿ ತಂಡದ ನಡುವೆಯೂ ಹಾಲಪ್ಪನವರ ತಾಯಿ ಗಂಗಮ್ಮಜ್ಜಿ. ಎಷ್ಟು ಚೆನ್ನಾಗಿದ್ದವೆಂದರೆ ಸೆರಗಿನ ಅಂಚಿನ ಹೊಲಿಗೆಯೂ ಕಾಣುತ್ತಿತ್ತು. ಆದರೆ ಬೀಗರಿಲ್ಲ, ಶಾಸಕರಿಲ್ಲ, ಸ್ವಾಮಿಗಳಿಲ್ಲ, ತಾಳಿ ಕಟ್ಟಿದ್ದೂ ಇಲ್ಲ.

ಇನ್ನೂ ಒಂದು ವಿಚಿತ್ರ. ಪ್ರತಿಯೊಂದು ಚಿತ್ರದಲ್ಲೂ ವೇದಿಕೆಯ ಮೂಲೆಯಲ್ಲಿ ಹಾಲಪ್ಪನವರು, ಅವರ ಬಲಗೈ ತಲೆಯ ಪೇಟದ ಮೇಲೆ.

ಚೀಟಿ ಬರೆದು ಕಿಂಡಿಯಲ್ಲಿಟ್ಟೆ. ‘ಹಾಲಪ್ಪನವರ ಕೈ ಯಾಕೆ ಪೇಟದ ಮೇಲೆ?’

ಬಕ್ಕೇಶಣ್ಣ ಒಳಗೆ ಬಂದರು. ಪರದೆಯ ಚಿತ್ರಗಳನ್ನು ಒಂದೊಂದಾಗಿ ಸರಿಸಿ ನೋಡಿದರು.

“ಇವು ನಾನು ತೆಗೆದಿದ್ದೇ ಅಲ್ಲ,” ಎಂದರು ಕೊನೆಗೆ.

“ಮತ್ತೆ?”

“ತೆಗ್ದಂಗೆ ಮಾಡಿದ್ದು.” ಅವರು ಸ್ಟೂಲು ಎಳೆದುಕೊಂಡರು. “ಖಾಲಿ ಫ್ಲ್ಯಾಶ್ ಅಂತಾರೆ ನಮ್ಮ ಕಸುಬಿನಾಗೆ. ಫ್ಲ್ಯಾಶಿನ ಬೆನ್ನಿಗೆ ಟೆಸ್ಟ್ ಬಟನ್ ಇರ್ತದೆ. ಅದನ್ನೊತ್ತಿದ್ರೆ ಬೆಳಕು ಬೀಳ್ತದೆ, ಫೋಟೊ ಬೀಳಲ್ಲ. ನಮ್ಮಪ್ಪ ರೀಲು ಉಳಿಸಾಕೆ ಮಾಡ್ತಿದ್ದ. ಈಗ ರೀಲಿಲ್ಲ, ಖರೆ. ಆದ್ರೆ ಆಲ್ಬಂ ದಪ್ಪ ಆದ್ರೆ ಮನೇರಿಗೆ ಸಿಟ್ಟು. ಯಾರು ಬೇಡ ಅನ್ನಾದನ್ನ ಮನೇರೇ ಸನ್ನೆ ಮಾಡ್ತಾರೆ. ಒಬ್ರು ಕೆಮ್ತಾರೆ, ಒಬ್ರು ಶಲ್ಯ ಕೊಡವ್ತಾರೆ. ಹಾಲಪ್ಪಂದು ಪೇಟ.”

ನಾನು ಅವರನ್ನೇ ನೋಡುತ್ತಿದ್ದೆ.

“ಹಂಗೆ ನೋಡಬ್ಯಾಡ. ಯಾರ ಮನಸ್ಸೂ ನೋಯಲ್ಲ. ಬೆಳಕು ಬಿತ್ತು, ನಕ್ರು, ಊಟಕ್ಕೆ ಹೋದ್ರು.”

ಆಗ ನನಗೆ ಯಂತ್ರದ ನಿಜವಾದ ಗುಣ ಹೊಳೆಯಿತು. ಈಗಿನ ಕ್ಯಾಮೆರಾಗಳಲ್ಲಿ ಸೆನ್ಸರಿನ ಮುಂದಿನ ಶಟರ್ ಮುಚ್ಚಿರುವುದಿಲ್ಲ. ಸೆನ್ಸರ್ ಸದಾ ಕಣ್ಣು ಬಿಟ್ಟೇ ಇರುತ್ತದೆ. ಸಾಧಾರಣ ಬೆಳಕು ಮೇಲೆ ಮೇಲೆ ಹಾದುಹೋಗುತ್ತದೆ, ಫ್ಲ್ಯಾಶಿನಂಥ ಮಿಂಚು ಮಾತ್ರ ತಳಕ್ಕಿಳಿಯುತ್ತದೆ. ಕ್ಲಿಕ್ ಮಾಡಿದರೆ ಕ್ಯಾಮೆರಾ ಆ ಗಳಿಗೆಯ ಬೆಳಕನ್ನು ಪೂರ್ತಿ ಬಳಿದು ಕಾರ್ಡಿಗೆ ಬಡಿಸಿಬಿಡುತ್ತದೆ. ಕ್ಲಿಕ್ ಮಾಡದಿದ್ದರೆ ಬಡಿಸುವವರಿಲ್ಲದೆ ಅದು ತಳ ಹಿಡಿಯುತ್ತದೆ. ಸಂದಿಯಲ್ಲಿ ಎಲ್ಲವೂ ಒಂದಿಷ್ಟು ಉಳಿಯುತ್ತದೆಂದು ಕಂಡುಹಿಡಿದವರು ನಂಬಿದ್ದು ತಪ್ಪು. ಉಳಿಯುವುದು ಬಡಿಸದೆ ಬಿಟ್ಟದ್ದು ಮಾತ್ರ. ಬಹುಶಃ ಅವರ ಪ್ರಯೋಗಾಲಯದಲ್ಲಿ ಯಾರೂ ಖಾಲಿ ಫ್ಲ್ಯಾಶ್ ಹೊಡೆದಿರಲಿಲ್ಲ. ಅದಕ್ಕೆ ನಮ್ಮ ಕಡೆಯ ಮದುವೆಯೇ ಬೇಕು.

ಬಕ್ಕೇಶಣ್ಣ ಹೊರಗೆ ಹೋದ ಮೇಲೆ ಇನ್ನೊಂದು ಪದರ ಎದ್ದಿತು. ಹೆಣ್ಣು, ಗಂಡು. ಹೆಣ್ಣಿನ ಪಕ್ಕದಲ್ಲಿ ಅಮ್ಮ, ತಾನು ಹೊಲಿದ ರವಿಕೆಯ ತೋಳನ್ನು ಎರಡು ಬೆರಳಲ್ಲಿ ಸರಿಮಾಡುತ್ತ. ಅವಳ ಪಕ್ಕದಲ್ಲಿ ನಾನು. ಕಣ್ಣು ತೆರೆದೇ ಇತ್ತು. ಹೆದರಿದ ಹಾಗೂ ಇರಲಿಲ್ಲ. ಅಮ್ಮನ ಆ ಬೆರಳು ನೋಡಿ ನನಗೆ ನಗು ಬಂದಿತ್ತು, ಅಷ್ಟೆ. ಮೂಲೆಯಲ್ಲಿ ಪೇಟ, ಪೇಟದ ಮೇಲೆ ಕೈ.

ಅಂದು ಸಂಜೆ ಮನೆಯಲ್ಲಿ ಅಮ್ಮನಿಗೆ ಅದನ್ನು ತೋರಿಸಿದೆ. ಅವಳು ಲ್ಯಾಪ್‌ಟಾಪಿನ ರೇಷ್ಮೆ ಮುಚ್ಚಳದ ಹುಕ್ಕು ಭದ್ರವಾಗಿದೆಯೇ ಎಂದು ನೋಡಿ, ಆಮೇಲೆ ಪರದೆ ನೋಡಿದಳು.

“ಅಯ್ಯೋ, ಕಣ್ಣು ಬಿಟ್ಟೀಯಲ್ಲೇ,” ಎಂದಳು. “ಚೆಂದ ಐತಲ್ಲ. ಮತ್ಯಾಕೆ ಹಾಕಲಿಲ್ಲವಂತೆ ಇದನ್ನ?”

ಹೇಳಲು ಬಾಯಿ ತೆರೆದೆ. ಅವಳ ತೊಡೆಯ ಮೇಲೆ ಹಾಲಪ್ಪನವರ ಮಗಳ ದೀಪಾವಳಿ ರವಿಕೆ ಇತ್ತು, ಕೈಹೊಲಿಗೆ ಅರ್ಧ ಆಗಿತ್ತು. “ಜಾಗ ಇರಲಿಲ್ಲವಂತೆ,” ಎಂದೆ.

“ಇಬ್ಬರೂ ಸಣ್ಣಕ್ಕೇ ಇದೀವಿ,” ಎಂದು ಅಮ್ಮ ಆ ಚಿತ್ರವನ್ನು ಬಹಳ ಹೊತ್ತು ನೋಡುತ್ತ ಕೂತಳು. ದಿನಚರಿಯಲ್ಲಿ ನಾನು ‘ಇಂದು ಸೆಖೆ’ ಎಂದು ಬರೆದೆ. ಹೊರಗೆ ಚಳಿ ಬಿದ್ದಿತ್ತು.

ಸ್ಟುಡಿಯೊದಲ್ಲಿ ಬಕ್ಕೇಶಣ್ಣ ಬೇರೊಂದು ದಾರಿ ಹುಡುಕಿಟ್ಟಿದ್ದರು. ಶೇಷದ ಬದಿಯಲ್ಲಿ ‘ಅಂದಾಜು’ ಎಂಬ ಹಸಿರು ಗುಂಡಿಯಿದೆ. ಚಿತ್ರದ ಒಂದು ಮೂಲೆ ಹಾಳಾಗಿದ್ದರೆ ಯಂತ್ರ ಸುತ್ತಲಿನದನ್ನು ನೋಡಿ ತುಂಬಿಕೊಡುತ್ತದೆ. ಬಕ್ಕೇಶಣ್ಣ ಅದಕ್ಕೆ ಮೂಲೆಯನ್ನಲ್ಲ, ಇಡೀ ಮದುವೆಯನ್ನೇ ತುಂಬಲು ಕೊಟ್ಟರು. ಲಗ್ನಪತ್ರಿಕೆ, ಬೀಗರ ಹಳೆಯ ಫೋಟೊ, ಶಾಸಕರ ಬ್ಯಾನರು, ಎಲ್ಲ ಉಣಿಸಿದರು.

“ನೀನೇನೂ ಸುಳ್ಳು ಹೇಳಬೇಕಿಲ್ಲಮ್ಮ ನೀಲಾ. ಹಬ್ಬದ ದಿನ ಬಂದು ವಯರು ಜೋಡ್ಸಿಕೊಡು. ಸುಮ್ನಿದ್ರೆ ಸಾಕು. ಸುಮ್ನಿರಾದು ನಿನಗೆ ಹೇಳಿಕೊಡಬೇಕಾ?”

ಅವರ ಮಾತಿನಲ್ಲಿ ಕೊಂಕಿರಲಿಲ್ಲ. ಅದಕ್ಕೇ ಇನ್ನಷ್ಟು ತಾಗಿತು. ಆದರೂ ಖಾಲಿ ಫ್ಲ್ಯಾಶಿನ ಚಿತ್ರಗಳನ್ನು ಅದೇ ಪೆನ್‌ಡ್ರೈವಿನಲ್ಲಿ ಕೊನೆಗೆ ಹಾಕಿಟ್ಟೆ. ಅವನ್ನು ಬಿಡಲು ಕೈ ಬರಲಿಲ್ಲ.

ಹಬ್ಬದ ಮಧ್ಯಾಹ್ನ ಹಾಲಪ್ಪನವರ ಮನೆಯ ಪಡಸಾಲೆ ಜನರಿಂದ ತುಂಬಿತ್ತು. ಸೋಫಾದ ಮೇಲೆ ಬೀಗರು ಷಡಕ್ಷರಪ್ಪ ಮತ್ತು ಅವರ ಹೆಂಡತಿ. ಷಡಕ್ಷರಪ್ಪ ನಿವೃತ್ತ ತಹಶೀಲ್ದಾರರು; ಅವರ ಮುಖದಲ್ಲಿ ನಗು ಅರ್ಜಿ ಹಾಕಿದರೂ ಮಂಜೂರಾಗುವಂಥದಲ್ಲ. ಹೊಸ ರವಿಕೆ ತೊಟ್ಟ ಮಗಳು ಶಾಂಭವಿ, ಪಕ್ಕದಲ್ಲಿ ಅಳಿಯ. ಬಾಗಿಲ ಬಳಿ, ಹಬ್ಬದ ಕೊಡುಗೆ ಪಡೆಯಲು ಬಂದ ಭಟ್ಟಿಯ ಹೆಂಗಸರು ನಿಂತಿದ್ದರು. ಗಂಗಮ್ಮಜ್ಜಿ ಸೋಫಾ ಬೇಡವೆಂದು ಅವರ ಹತ್ತಿರವೇ ನೆಲದ ಮೇಲೆ ಕೂತಿದ್ದಳು. ನಾನು ವಯರು ಜೋಡಿಸಿ ಟಿ.ವಿ. ಪಕ್ಕದ ಗೋಡೆಗೆ ಅಂಟಿದೆ.

ಮೊದಲ ಚಿತ್ರ ಬಂತು. ಬೀಗರ ಸಂಸಾರ. ಷಡಕ್ಷರಪ್ಪನವರು ಬಾಯಿತುಂಬ ನಗುತ್ತಿದ್ದರು.

ಷಡಕ್ಷರಪ್ಪನವರು ತಮ್ಮ ನಗುವನ್ನು ಬಗ್ಗಿ ನೋಡಿದರು. ಅವರಿಗೆ ಅದು ಇಷ್ಟವಾದಂತಿತ್ತು.

“ಇವು ನಮ್ಮನೆಯವರ ಹಲ್ಲಲ್ಲ,” ಎಂದರು ಅವರ ಹೆಂಡತಿ.

ಎರಡನೆಯ ಚಿತ್ರದಲ್ಲಿ ಶಾಸಕರು ಅದೇ ಹಲ್ಲಿನಲ್ಲಿ ನಕ್ಕರು. ಮೂರನೆಯದರಲ್ಲಿ ಸ್ವಾಮಿಗಳು. ತಾಳಿ ಕಟ್ಟುವ ಚಿತ್ರದಲ್ಲಿ ಶಾಂಭವಿಯ ಕೊರಳಲ್ಲಿ ಆಗಲೇ ಒಂದು ತಾಳಿಯಿತ್ತು, ಅಳಿಯನ ಎರಡು ಕೈಗೂ ಗಡಿಯಾರವಿತ್ತು.

“ಲೇ ಬಕ್ಕೇಶಾ,” ಎಂದಳು ಗಂಗಮ್ಮಜ್ಜಿ, “ಇಡೀ ಮದುವಿಗೆ ಒಂದೇ ಹಲ್ಲಿನ ಸೆಟ್ಟು ಬಾಡಿಗಿಗೆ ತಂದಿದ್ರೇನೋ?”

ಭಟ್ಟಿಯ ಹೆಂಗಸರು ಸೆರಗು ಬಾಯಿಗಿಟ್ಟುಕೊಂಡರು. ಬಕ್ಕೇಶಣ್ಣ ಗಾಬರಿಯಲ್ಲಿ ಗುಂಡಿ ಒತ್ತುತ್ತ ಹೋದರು. ನಿಲ್ಲಿಸಲು ಹೋಗಿ ಕೊನೆಗೆ ನೆಗೆದರೋ ಏನೋ, ಪರದೆಯ ಮೇಲೆ ಅಡುಗೆ ಭಟ್ಟರು ಟವೆಲ್ಲು ಸಮೇತ ನಿಂತರು. ಆಮೇಲೆ ಓಲಗದವರು. ಆಮೇಲೆ ಹೆಂಗಸರು, ನಡುವೆ ಅಜ್ಜಿ.

“ಯವ್ವಾ, ನಾನು,” ಎಂದಿತು ಬಾಗಿಲ ಬಳಿಯ ಒಂದು ದನಿ. “ದೇವೀರಮ್ಮಾ, ನೋಡೇ ನಿನ್ನ ಮೂಗುಬೊಟ್ಟು ಹೆಂಗ್ ಹೊಳಿತೈತೆ.” ಅವರೆಲ್ಲ ಒಳಗೆ ಬಂದೇಬಿಟ್ಟರು. ಶಾಂಭವಿ ಎದ್ದು ಟಿ.ವಿ. ಹತ್ತಿರ ಹೋಗಿ, “ಇದ್ರಾಗೆ ನಾನು ನಗ್ತಾ ಇದೀನಿ,” ಎಂದಳು, ತನಗೇ ಆಶ್ಚರ್ಯವಾದ ಹಾಗೆ.

ಷಡಕ್ಷರಪ್ಪನವರು ಗಂಟಲು ಸರಿಮಾಡಿಕೊಂಡರು. “ಇವು ಚೆನ್ನಾಗಿವೆ. ಹಾಗಾದರೆ ನಮ್ಮವು ಎಲ್ಲಿ ಹೋದವು?”

“ವೈರಸ್ ಸಾರ್,” ಎಂದರು ಬಕ್ಕೇಶಣ್ಣ. “ಹೊಸ ನಮೂನಿ. ದೊಡ್ಡೋರನ್ನೇ ಹುಡುಕಿ ಹೊಡೀತದೆ.”

“ವೈರಸ್ಸಿಗೆ ದೊಡ್ಡವರು ಯಾರು ಅಂತ ಹೇಗೆ ತಿಳಿಯುತ್ತೆ?”

ತಹಶೀಲ್ದಾರರ ವಿಚಾರಣೆ ಎಂದರೆ ಇದು. ಬಕ್ಕೇಶಣ್ಣ ಹಾಲಪ್ಪನವರನ್ನು ನೋಡಿದರು. ಹಾಲಪ್ಪನವರು ಪರದೆಯ ಮೂಲೆಯಲ್ಲಿದ್ದ ತಮ್ಮನ್ನೇ ನೋಡುತ್ತಿದ್ದರು. ಅಲ್ಲಿ ಕೈ ಪೇಟದ ಮೇಲಿತ್ತು, ಮುಂದಿನ ಚಿತ್ರದಲ್ಲೂ ಇತ್ತು. ಅವರಿಗೆ ಎಲ್ಲ ಅರ್ಥವಾಯಿತೆಂದು ನನಗೆ ಗೊತ್ತಾಯಿತು. ಅವರು ಒಂದು ಸಲ ನನ್ನ ಕಡೆ ನೋಡಿ, ಬಕ್ಕೇಶಣ್ಣನಿಗೆ ತಲೆ ಆಡಿಸಿದರು.

“ನಿಜ ಹೇಳ್ಬೇಕಂದ್ರೆ,” ಎಂದರು ಬಕ್ಕೇಶಣ್ಣ, ನನ್ನನ್ನು ನೋಡದೆ, “ಈ ಹುಡುಗಿ ಹೊಸಬಳು. ಕೈತಪ್ಪಿ ಅಳಿಸಿಬಿಟ್ಟಾಳೆ. ಮಾತಾಡದ ಹುಡುಗಿ, ಬೈಬ್ಯಾಡ್ರಿ.”

“ಟೇಲರಮ್ಮನ ಮಗಳಲ್ಲ ಇದು?” ಎಂದು ಯಾರೋ ಅಂದರು.

ಸುಮ್ಮನಿದ್ದರೆ ಮುಗಿಯುತ್ತಿತ್ತು, ನಾಲ್ಕು ದಿನ ಆಡಿಕೊಂಡು ಮರೆಯುತ್ತಿದ್ದರು. ಕೆಲಸ ಉಳಿಯುತ್ತಿತ್ತು, ಕಿಂಡಿ ಉಳಿಯುತ್ತಿತ್ತು, ಅಮ್ಮನ ಕೈಗೆ ಈ ಓಣಿಯ ಬಟ್ಟೆ ಬರುತ್ತಲೇ ಇರುತ್ತಿತ್ತು. ಚೀಟಿಗಾಗಿ ಚೂಡಿದಾರದ ಜೇಬು ತಡಕಿದೆ. ಪೆನ್ನಿತ್ತು, ಕಾಗದವಿರಲಿಲ್ಲ.

ಪರದೆಯ ಮೇಲೆ ಮುಂದಿನ ಚಿತ್ರ ತಾನಾಗಿ ಬಂತು. ಅಮ್ಮ ರವಿಕೆಯ ತೋಳು ಸರಿಮಾಡುತ್ತಿದ್ದಳು. ಪಕ್ಕದಲ್ಲಿ ನಾನು ಕಣ್ಣು ಬಿಟ್ಟುಕೊಂಡು ನಿಂತಿದ್ದೆ.

ಗಂಗಮ್ಮಜ್ಜಿ ಟಿ.ವಿ.ಯನ್ನೂ ನನ್ನನ್ನೂ ಎರಡೆರಡು ಸಲ ನೋಡಿದಳು. ನೆಲಕ್ಕೆ ಕೈಯೂರಿ ಎದ್ದು, ನನ್ನ ಹತ್ತಿರ ಬಂದು, ಗಲ್ಲ ಹಿಡಿದು ಮುಖ ಎತ್ತಿದಳು. ಅವಳ ಬೆರಳಿಗೆ ಹುರಿದ ಅಕ್ಕಿಯ ವಾಸನೆಯಿತ್ತು.

“ನೀನೂ ನಮ್ಮ ಪೈಕೀನೇ ಅದೀಯಲ್ಲೇ ತಂಗಿ,” ಎಂದಳು. “ಓದಿದಾಕಿ. ನೀನು ಹೇಳು. ಅಷ್ಟು ದೊಡ್ಡೋರು ದೊಡ್ಡೋರೆಲ್ಲ ಅಳಿಸಿ ಹೋದ್ರು. ನಾವು ಹೆಂಗ್ ಉಳಿದ್ವಿ?”

ಹಾಲಪ್ಪನವರ ಕೈ ತಲೆಗೆ ಹೋಯಿತು. ಹಬ್ಬದ ದಿನ ಅವರು ಪೇಟ ಕಟ್ಟಿರಲಿಲ್ಲ. ಕೈ ಬರಿತಲೆಯ ಮೇಲೆ ಕೂತಿತು.

“ನಿಮ್ಮ ಫೋಟೊ ಯಾರೂ ತೆಗೀಲೇ ಇಲ್ಲ ಅಜ್ಜಿ,” ಎಂದೆ. ನನ್ನ ದನಿ ಇಷ್ಟು ಜೋರಿದೆಯೆಂದು ನನಗೇ ತಿಳಿದಿರಲಿಲ್ಲ. “ಅದಕ್ಕೇ ಉಳಿದೈತೆ.”